ಬೆನ್ನು ಮಾಡಿ ಕೂತವಳು

ನಿಂಬಕ್ಕನ ನೋವು ಮೊದಲ ಸಲ ಹೊರಗೆ ಬಂದ ದಿನ ಅದಕ್ಕೆ ಮಣೆ ಹಾಕಿದವಳು ನಾನೇ. ಬಾಗಿಲ ಎಡಕ್ಕೆ, ಚಪ್ಪಲಿ ಬಿಡುವ ಜಾಗದಿಂದ ಸ್ವಲ್ಪ ಆಚೆ, ಬಿಸಿಲು ಬೀಳದ ಕಡೆ ನೋಡಿ ಹಾಕಿದೆ. ಪಕ್ಕದಲ್ಲಿ ಒಂದು ತಂಬಿಗೆ ನೀರಿಟ್ಟೆ. ಅದು ಒಳಗಿನಿಂದ ಗೋಡೆ ಹಿಡಿದುಕೊಂಡು ಕುಂಟುತ್ತ ಬಂದು, ಕಟ್ಟೆಯ ಪಕ್ಕದ ಅಡ್ಡಗೋಡೆಗೆ ಮುಖ ಮಾಡಿ, ಎಡಗಾಲು ಚಾಚಿ ಕೂತಿತು. ಅಕ್ಕ ನೂಲು ಅದ್ದುವ ಬಣ್ಣದ ಮನೆಯಲ್ಲಿ ಬಿದ್ದ ದಿನ ಉಟ್ಟಿದ್ದ ಸೀರೆಯನ್ನೇ ಅದೂ ಉಟ್ಟಿತ್ತು. ಸೆರಗಿನ ಮೇಲೆ ನೀಲಿ ಬಣ್ಣದ ದೊಡ್ಡ ಕಲೆ ಹಾಗೇ ಇತ್ತು. ಒಳಗೆ ಹಾಸಿಗೆಯ ಮೇಲೆ ಅಕ್ಕ ಮೈ ಸಡಿಲ ಬಿಟ್ಟು, "ಹೋತಲ್ಲವ್ವ ತುಂಗಿ, ಹೋತು," ಎಂದಳು.

ನಮ್ಮ ಊರಿನಲ್ಲಿ ಗುಳಿಗೆ ನುಂಗಿದರೆ ನೋವು ಹೊರಗೆ ಹೋಗಿ ಕೂರುತ್ತದೆ. ಗುಳಿಗೆಯ ಶಕ್ತಿ ಇಳಿದ ಮೇಲೆ ಎದ್ದು ಒಳಗೆ ಬರುತ್ತದೆ. ಅದಕ್ಕೇ ಯಾರೂ ಹಗಲು ಬಾಗಿಲು ಹಾಕುವುದಿಲ್ಲ. ಮಕ್ಕಳ ಹೊಟ್ಟೆನೋವು ಬೆಕ್ಕಿನಷ್ಟೇ ಇರುತ್ತದೆ, ಮೆಟ್ಟಿಲ ಮೂಲೆಯಲ್ಲಿ ಮುದುಡಿಕೊಂಡಿರುತ್ತದೆ. ಅಂಚೆಯ ಕಲ್ಮೇಶಪ್ಪನ ಹಲ್ಲುನೋವು ಕೆನ್ನೆಗೆ ಕೈಕೊಟ್ಟು ಕಟ್ಟೆಯ ಮೇಲೆ ಕೂತಿದ್ದರೆ, ಕಲ್ಮೇಶಪ್ಪ ಇವತ್ತು ಒಳಗೆ ಇದ್ದಾನೆ, ನಗುನಗುತ್ತ ಮಾತಾಡುತ್ತಾನೆ ಎಂದು ಜನ ಸ್ಟಾಂಪು ಕೊಳ್ಳಲು ಹೋಗುತ್ತಿದ್ದರು. ಹೆಣ್ಣು ನೋಡಲು ಬಂದವರು ಮೊದಲು ಹೊರಗಿನ ಮಣೆಯನ್ನೇ ನೋಡುತ್ತಾರೆ. ಮಣೆಯ ಮೇಲೆ ಕೂತದ್ದನ್ನು ದಾಟಬಾರದು, ಹೆಸರು ಹಿಡಿದು ಕರೆಯಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಅದರ ಮುಖ ನೋಡಬಾರದು. ಜಳಕ ಮಾಡುವವರ ಕಡೆ ಇಣುಕಿದಷ್ಟೇ ಅದು ಹೇಸಿಗೆಯ ಕೆಲಸ. ಅದು ಬರುವಾಗ ಹೋಗುವಾಗ ದೊಡ್ಡವರು ತಲೆ ತಗ್ಗಿಸಿ ನೆಲ ನೋಡುತ್ತಾರೆ. ಮಕ್ಕಳಿಗೆ ಮಾತು ಬರುವ ಮುಂಚೆಯೇ ಅದನ್ನು ಕಲಿಸುತ್ತಾರೆ.

ನಾನು ಅಕ್ಕನ ಮನೆಗೆ ಬಂದದ್ದು ಅವ್ವ ತೀರಿಕೊಂಡ ಮೇಲೆ. ಏಳನೇ ಇಯತ್ತೆಯಲ್ಲಿ ಮಾಸ್ತರರು ಎದ್ದು ನಿಂತು ಓದು ಎಂದಾಗ ನನಗೆ ಗಂಟಲು ಕಟ್ಟಿತು. ಮರುದಿನವೂ ಕಟ್ಟಿತು. ಆಮೇಲೆ ನಾನು ಶಾಲೆಗೆ ಹೋಗಲಿಲ್ಲ, ಅಕ್ಕ ಬೈಯಲೂ ಇಲ್ಲ. ಬಣ್ಣದ ಮನೆಯಿಂದ ಬಂದು ಕೈ ತಿಕ್ಕಿ ತೊಳೆಯುತ್ತ, "ಮಾತಾಡಾಕ ಎಲ್ಲಾರೂ ಅದಾರ, ನೀ ಸುಮ್ನ ಕುಂತು ನೋಡು," ಎಂದಿದ್ದಳು. ನೋಡುವುದು ನನಗೆ ಬರುತ್ತಿತ್ತು. ಅಕ್ಕನ ಕೈ ಯಾವ ಬಣ್ಣದಲ್ಲಿದೆ ಎಂದು ನೋಡಿದರೆ ಆ ದಿನ ಹಳ್ಳದ ನೀರು ಯಾವ ಬಣ್ಣದಲ್ಲಿ ಹರಿಯುತ್ತದೆ ಎಂದು ಹೇಳಬಲ್ಲವಳಾಗಿದ್ದೆ.

ಅಕ್ಕ ಒದ್ದೆ ನೂಲಿನ ಲಡಿಗಳನ್ನು ಹೊತ್ತು ಕಟ್ಟೆ ಇಳಿಯುವಾಗ ಜಾರಿ, ಬಣ್ಣದ ತೊಟ್ಟಿಯ ಅಂಚಿನ ಮೇಲೆ ಬೆನ್ನು ಬಡಿದು ಬಿದ್ದಿದ್ದಳು. ಬೆನ್ನೆಲುಬು ಬಿರುಕು ಬಿಟ್ಟು, ನೋವು ಎಡಗಾಲಿನ ತನಕ ಇಳಿದಿತ್ತು. ದವಾಖಾನೆಯ ಡಾಕ್ಟರ್ ಬಾಯಿ, ಹೆಸರು ವಸುಂಧರಾಬಾಯಿ, ಗುಳಿಗೆ ಕೊಡುವಾಗ ಅಕ್ಕನ ಗಂಡ ಗುರುಸಿದ್ಧನಿಗೆ ಬಿಡಿಸಿ ಹೇಳಿದ್ದರು. "ಇದು ಸಾದಾ ಗುಳಿಗಿ ಅಲ್ಲ. ಎಲುಬು ಕೂಡೂ ತನಕಾ ಅಷ್ಟ. ನಾ ಹೇಳಿದಷ್ಟ ಕೊಡ್ರಿ. ಮಲಗಿದಾಗ ಗೊರಕಿ ನಡುವ ನಿಂತ್ರ, ತುಟಿ ಬಣ್ಣ ತಿರಿಗಿದ್ರ, ಮಲಗ್ಯಾಳಂತ ಬಿಡಬ್ಯಾಡ್ರಿ, ನನ್ನ ಕರೀರಿ." ಗುರುಸಿದ್ಧ ಮಾವ ಪ್ರತಿ ಮಾತಿಗೂ ತಲೆ ಅಲ್ಲಾಡಿಸಿದ. ಅವನು ಮಗ್ಗದ ಮನೆಯಲ್ಲಿ ಕೆಲಸ ಮಾಡುತ್ತಿದ್ದ, ಸದ್ದಿನಲ್ಲೇ ಬದುಕುವವನು, ಯಾರು ಏನು ಹೇಳಿದರೂ ಮೊದಲು ತಲೆ ಅಲ್ಲಾಡಿಸುತ್ತಿದ್ದ.

ಮೊದಮೊದಲು ನೋವು ಬಾಗಿಲಲ್ಲೇ ಕೂತು ಸಂಜೆಗೆ ಒಳಗೆ ಬರುತ್ತಿತ್ತು. ಆಮೇಲೆ ಗುಳಿಗೆಯ ಶಕ್ತಿ ಸಾಲದಾಯಿತು. ಅರ್ಧ ದಿನಕ್ಕೇ ಎದ್ದು ಬರತೊಡಗಿತು. ಮಾವ ಎರಡು ಗುಳಿಗೆ ಕೊಟ್ಟ. ಎರಡು ಕೊಟ್ಟ ದಿನ ನೋವು ಮಣೆಯ ಮೇಲೆ ಕೂರಲಿಲ್ಲ. ಮೆಟ್ಟಿಲಿಳಿದು, ಎಡಗಾಲು ಎಳೆಯುತ್ತ ಬೀದಿ ಹಿಡಿದು ನಡೆಯಿತು. ಜನ ನೆಲ ನೋಡುತ್ತ ದಾರಿ ಬಿಟ್ಟರು. ಅಷ್ಟು ದೂರ ಕಳಿಸಿದ ನೋವುಗಳು ಎಲ್ಲಿಗೆ ಹೋಗುತ್ತವೆ ಎಂದು ಎಲ್ಲರಿಗೂ ಗೊತ್ತು. ಕೆರೆಯ ಏರಿಯ ಮೇಲೆ ಅವು ನೀರಿಗೆ ಮುಖ ಮಾಡಿ ಸಾಲಾಗಿ ನಿಂತಿರುತ್ತವೆ. ದನ ಮೇಯಿಸುವವರು ಆ ಕಡೆಯ ಹುಲ್ಲು ಎಷ್ಟು ಹಸಿರಿದ್ದರೂ ಹೋಗುವುದಿಲ್ಲ.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಸಂತೋಷವಿತ್ತು. ಅಕ್ಕ ಗೋಡೆಗೆ ಒರಗಿ ಕೂತು ಅವ್ವನ ಮಾತು ಆಡುತ್ತಿದ್ದಳು. ಮಾತಿನ ನಡುವೆ ಕಣ್ಣು ಮುಚ್ಚಿ, ತುಸು ಹೊತ್ತಿನ ಮೇಲೆ ತೆರೆದು, ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದಳು. ಮೂಗು ತುರಿಸಿಕೊಂಡು ಕೆಂಪು ಮಾಡಿಕೊಂಡಿದ್ದಳು. ಕಣ್ಣೊಳಗಿನ ಕಪ್ಪು ಬೊಟ್ಟು ಸಾಸಿವೆಯಷ್ಟಾಗಿತ್ತು, ಕತ್ತಲೆಯ ಮೂಲೆಗೆ ತಿರುಗಿದರೂ ದೊಡ್ಡದಾಗುತ್ತಿರಲಿಲ್ಲ. ಊಟ ಬೇಡ ಎನ್ನುತ್ತಿದ್ದಳು, ಹೊಟ್ಟೆ ಕಲ್ಲಾಗಿದೆ ಎನ್ನುತ್ತಿದ್ದಳು. ಆದರೆ ನಗುತ್ತಿದ್ದಳು. ಮಾವನಿಗೆ ಅಷ್ಟು ಸಾಕಾಗಿತ್ತು.

ಆಮೇಲೆ ಮಣೆಯ ಮೇಲೆ ಮತ್ತೆ ಯಾರೋ ಬಂದು ಕೂರತೊಡಗಿದರು.

ಗುಳಿಗೆ ಕೊಟ್ಟು ಮಾವ ಕೆಲಸಕ್ಕೆ ಹೋಗಿ, ಊಟಕ್ಕೆ ಬರುವಷ್ಟರಲ್ಲಿ ಗೋಡೆಗೆ ಮುಖ ಮಾಡಿದ ಒಂದು ಬೆನ್ನು ಮಣೆಯ ಮೇಲಿರುತ್ತಿತ್ತು. ಅದು ಕೂತ ಕೂಡಲೇ ಅಕ್ಕನಿಗೆ ಒಳಗೆ ಗೊತ್ತಾಗುತ್ತಿತ್ತು. ಆಕಳಿಕೆ ಬರುತ್ತಿತ್ತು, ಮೂಗು ಸೋರುತ್ತಿತ್ತು, ಮೈ ಮೇಲೆ ಮುಳ್ಳೆದ್ದು ಕಾಲು ಹಾಸಿಗೆಯ ಮೇಲೆ ತಾನೇ ಒದೆದುಕೊಳ್ಳುತ್ತಿತ್ತು. "ರೀ, ಬಂದಾಳ್ರಿ. ಒಳಗ ಬರೂ ಮುಂಚೆ ಕೊಡ್ರಿ," ಎಂದು ಅಳುತ್ತಿದ್ದಳು. ಮಾವ ಕೈ ಕೂಡ ತೊಳೆಯದೆ ಗುಳಿಗೆ ಕೊಡುತ್ತಿದ್ದ. ಹೊರಗಿನ ಬೆನ್ನು ಎದ್ದು ಹೋಗುತ್ತಿತ್ತು.

ಎದುರುಮನೆಯ ಚಂದ್ರಭಾಗವ್ವ ರಾಟೆ ಮುಂದಿಟ್ಟುಕೊಂಡು ದಿನವೆಲ್ಲ ಬಾಗಿಲಲ್ಲೇ ಕೂರುವವಳು. ಅವಳ ಬಾಯಿಗೆ ನಮ್ಮ ಓಣಿಯಲ್ಲಿ ಯಾರೂ ಅಡ್ಡ ಬರುತ್ತಿರಲಿಲ್ಲ. ಒಂದು ದಿನ ಮಾವ ಊಟ ಮುಗಿಸಿ ಹೊರಗೆ ಬಂದಾಗ ಅವಳು ರಾಟೆ ನಿಲ್ಲಿಸಿದಳು.

"ಗುರುಸಿದ್ಧಪ್ಪ, ಊಟ ಆತೇನು?"

"ಆತಬೇ."

"ಆಗತೈತಿ ಆಗತೈತಿ. ಹೆಂಡ್ತಿ ಬ್ಯಾನಿ ಹೊಸ್ತಿಲದಾಗ ಕುಂತಿರತೈತಿ, ಗಂಡ ಒಳಗ ರೊಟ್ಟಿ ಮುರೀತಾನ. ನಮ್ಮನಿಯವ್ರು ಇದ್ದಾಗ ನನ್ನ ಮಂಡಿನೋವು ಮಣಿ ಮ್ಯಾಲೆ ಕುಂತಿದ್ದನ್ನ ಊರು ಕಂಡಿದ್ದಿಲ್ಲ."

"ಡಾಕ್ಟರ್ ಬಾಯಿ ಕಡಿಮಿ ಮಾಡ್ರಿ ಅಂದಾರಬೇ. ಎಲುಬು ಕೂಡೈತಂತ, ಈಗ ಗುಳಿಗಿ ಇಳಸಬೇಕಂತ."

"ಕೂಡಿದ್ರ ಇಕಿ ಯಾರು ಮತ್ತ, ನಿಮ್ಮನಿಗೆ ಬೀಗರೇನು?" ಎಂದು ಚಂದ್ರಭಾಗವ್ವ ಮಣೆಯ ಕಡೆ ನೋಡದೆಯೇ ಗದ್ದ ತೋರಿಸಿದಳು.

ಮಾವ ಚಪ್ಪಲಿ ಮೆಟ್ಟಿ ಮಗ್ಗದ ಕಡೆ ನಡೆದ. ಎಲುಬು ಕೂಡಿದ ಚಿತ್ರವನ್ನು ಡಾಕ್ಟರ್ ಬಾಯಿ ಬೆಳಕಿಗೆ ಹಿಡಿದು ಅವನಿಗೆ ತೋರಿಸಿದ್ದರು. ಅವನು ತಲೆ ಅಲ್ಲಾಡಿಸಿದ್ದ. ಆದರೆ ಚಿತ್ರ ದವಾಖಾನೆಯಲ್ಲಿತ್ತು, ಬೆನ್ನು ಬಾಗಿಲಲ್ಲಿತ್ತು. ಆ ವಾರದಿಂದ ಅವನು ಬಸ್ ನಿಲ್ದಾಣದ ಹಿಂದಿನ ಒಂದು ಅಂಗಡಿಯಿಂದ ಚೀಟಿಯಿಲ್ಲದೆ ಗುಳಿಗೆ ತರತೊಡಗಿದ. ಡಾಕ್ಟರ್ ಬಾಯಿ ಕೊಟ್ಟದ್ದೂ ಇತ್ತು, ಅಂಗಡಿಯದೂ ಇತ್ತು. ಕೆಲವು ದಿನ ಎರಡನ್ನೂ ಕೊಡುತ್ತಿದ್ದ.

ನಾನು ಒಳಗಿನ ಕಿಟಕಿಯ ಬಳಿ ಕೂತು ಅಕ್ಕಿ ಆರಿಸುತ್ತಿದ್ದೆ. ಆ ಕಿಟಕಿಯಿಂದ ನಮ್ಮ ಬೀದಿ ಕೊನೆಯವರೆಗೆ ಕಾಣುತ್ತದೆ. ಜನ ನೆಲ ನೋಡುವ ಹೊತ್ತಿನಲ್ಲಿ ನಾನು ಬೀದಿಯನ್ನೇ ನೋಡುತ್ತಿದ್ದೆ. ನಡಿಗೆ ನೋಡುವುದು ತಪ್ಪಲ್ಲ, ಮುಖ ನೋಡುವುದು ತಪ್ಪು ಎಂದುಕೊಂಡಿದ್ದೆ. ಹಾಗೆ ನೋಡುವಾಗಲೇ ಗೊತ್ತಾಯಿತು, ಬರುತ್ತಿದ್ದವಳು ಕುಂಟುತ್ತಿರಲಿಲ್ಲ. ನೀರಿಗೆ ಹೊರಟವಳ ಹಾಗೆ ಸಲೀಸಾಗಿ ನಡೆದು ಬರುತ್ತಿದ್ದಳು. ಕೆರೆಯ ಕಡೆಯಿಂದಲೂ ಬರುತ್ತಿರಲಿಲ್ಲ, ಬಸ್ ನಿಲ್ದಾಣದ ಕಡೆಯಿಂದ ಬರುತ್ತಿದ್ದಳು. ಕೂತಾಗ ಎಡಗಾಲು ಚಾಚುತ್ತಿರಲಿಲ್ಲ, ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು. ಸೆರಗಿನಲ್ಲಿ ನೀಲಿ ಕಲೆ ಇರಲಿಲ್ಲ. ಆ ದಿನ ಬೆಳಿಗ್ಗೆ ನಾನು ಅಕ್ಕನಿಗೆ ಯಾವ ಸೀರೆ ಉಡಿಸಿದ್ದೆನೋ ಅದೇ ಸೀರೆ ಅವಳ ಮೈಮೇಲಿರುತ್ತಿತ್ತು. ಒಮ್ಮೆ ಬೇಕೆಂದೇ ಮಧ್ಯಾಹ್ನ ಅಕ್ಕನ ಸೀರೆ ಬದಲಿಸಿದೆ. ಕಿಟಕಿಗೆ ಬಂದು ನೋಡಿದರೆ ಮಣೆಯ ಮೇಲಿನವಳೂ ಬದಲಿಸಿದ್ದಳು.

ಮಾವನಿಗೆ ಹೇಳಬೇಕೆಂದು ಅವನು ಬರುವ ಹೊತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಅವನು ನನ್ನನ್ನು ದಾಟಿ ಹೋಗಿ ತಿರುಗಿ ಬಂದ.

"ಏನ ತುಂಗಿ? ಉಪ್ಪು ತೀರೇತೇನು?"

"ಮಾವ, ಹೊರಗ ಕುಂತಾಕಿ... ಅದು ಅಕ್ಕನ ನೋವಲ್ಲ."

"ಮತ್ತ ಯಾರ್ದು?"

"ಗೊತ್ತಿಲ್ಲ. ಅಕಿ ಕುಂಟೂದಿಲ್ಲ."

ಮಾವ ಅಕ್ಕನ ಕಡೆ ನೋಡಿದ. ಅವಳು ಚಾದರ ಕಚ್ಚಿ ಹಿಡಿದು ನಡುಗುತ್ತಿದ್ದಳು, ಹಣೆಯ ಮೇಲೆ ಬೆವರಿತ್ತು. "ಇಕಿ ಒದ್ದಾಡೂದು ಸುಳ್ಳೇನು? ನೀನ ನೋಡು. ಕುಂಟಿದ್ರ ಅಷ್ಟ ನೋವೇನು?" ಎಂದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಒದ್ದಾಟ ಸುಳ್ಳಾಗಿರಲಿಲ್ಲ.

ಅಕ್ಕನಿಗೆ ಆಮೇಲೆ ನಿದ್ದೆಯೂ ಹೋಯಿತು. ಹೊರಗಿನವಳು ಎದ್ದು ಹೋಗಿದ್ದರೂ ಇವಳು ಬಾಗಿಲನ್ನೇ ನೋಡುತ್ತ, ಯಾವಾಗ ಬರುತ್ತಾಳೋ ಎಂದು ಕಾಯುತ್ತಿದ್ದಳು. ಅಂಗಡಿಯವನು ಅದಕ್ಕೂ ಒಂದು ಗುಳಿಗೆ ಕೊಟ್ಟನಂತೆ, ನಿದ್ದೆಯದು. ಒಂದು ಮಧ್ಯಾಹ್ನ ಮಾವ ಅಕ್ಕನಿಗೆ ನೋವಿನದನ್ನೂ ನಿದ್ದೆಯದನ್ನೂ ಕೂಡಿಸಿ ಕೊಟ್ಟು, ಅವಳ ತಲೆ ನೇವರಿಸಿ, "ಮಲಗ್ಲಿ ತುಂಗಿ, ಎಬ್ಬಸಬ್ಯಾಡ. ಎಷ್ಟ ದಿವಸಾತು ಪಾಪ," ಎಂದು ಹೇಳಿ ಮಗ್ಗಕ್ಕೆ ಹೋದ.

ಅಕ್ಕ ಮಲಗಿದಳು. ಗೊರಕೆ ಶುರುವಾಯಿತು. ಗೊರಕೆ ಎನ್ನುವುದಕ್ಕಿಂತ, ಹುಕ್ಕಾ ಎಳೆದಾಗ ನೀರು ಗುಳುಗುಳು ಅನ್ನುವಂಥ ಸದ್ದು. ನಾನು ಅಕ್ಕಿ ಮೊರ ಹಿಡಿದು ಕಿಟಕಿಗೆ ಬಂದೆ. ಗುಳಿಗೆ ಒಳಗೆ ಹೋದ ಕೂಡಲೇ ಎದ್ದು ಹೋಗಬೇಕಾಗಿದ್ದವಳು ಮಣೆಯ ಮೇಲೇ ಇದ್ದಳು. ಆರಾಮಾಗಿ ಕೂತಿದ್ದಳು. ಬೆನ್ನು ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ನಾನು ಬಹಳ ಹೊತ್ತು ಆ ಬೆನ್ನನ್ನೇ ನೋಡಿದೆ. ಅದು ಉಬ್ಬಿದಾಗಲೆಲ್ಲ ನನ್ನ ಹಿಂದೆ ಅಕ್ಕನ ಗೊರಕೆ ನಿಲ್ಲುತ್ತಿತ್ತು. ಅದು ಇಳಿದಾಗ ಗೊರಕೆ ಒಂದು ಸಲ ಗುಳುಗುಳು ಎಂದು ಮತ್ತೆ ನಿಲ್ಲುತ್ತಿತ್ತು. ಪ್ರತಿ ಸಲವೂ ನಡುವಿನ ಮೌನ ಉದ್ದವಾಗುತ್ತಿತ್ತು.

ನಾನು ಹೊರಗೆ ಹೋದೆ. ಮಣೆಯನ್ನು ಸುತ್ತಿ ಹೋಗಿ, ಗೋಡೆಗೂ ಅವಳಿಗೂ ನಡುವಿನ ಇಕ್ಕಟ್ಟಿನಲ್ಲಿ ತೂರಿ ನಿಂತು, ನೆಲ ನೋಡುವುದನ್ನು ಬಿಟ್ಟು ಅವಳ ಮುಖ ನೋಡಿದೆ.

ಅಕ್ಕನ ಮುಖವೇ. ಆದರೆ ಅದರಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಅಕ್ಕನಿಗಿದ್ದ ಕೆನ್ನೆ, ಕೆಂಪು ತುಟಿ. ಕಣ್ಣು ಅರ್ಧ ಮುಚ್ಚಿ, ಮಲ್ಲಿಗೆ ಮೂಸುವವಳ ಹಾಗೆ ಮೂಗಿನ ಹೊಳ್ಳೆ ಅರಳಿಸಿ ಉಸಿರು ಎಳೆದುಕೊಳ್ಳುತ್ತಿದ್ದಳು. ಎಳೆದುಕೊಂಡದ್ದನ್ನು ಪೂರ್ತಿ ಬಿಡುತ್ತಿರಲಿಲ್ಲ. ನನ್ನನ್ನು ಕಂಡು ಕಣ್ಣು ತೆರೆದಳು. ನಾನು ಶಾಲೆ ಬಿಟ್ಟ ದಿನ ಅಕ್ಕ ನಕ್ಕ ಹಾಗೆಯೇ ನಕ್ಕಳು.

"ಅಕಿ ಮಲಗ್ಯಾಳ ತುಂಗಿ," ಎಂದಳು ಮೆಲ್ಲಗೆ. "ಎಬ್ಬಸಬ್ಯಾಡ. ನೀ ಅಕ್ಕಿ ಆರಸು ಹೋಗು."

ನನ್ನ ಕಾಲುಗಳು ಹೋಗಲು ತಿರುಗಿದವು. ಅದರಲ್ಲಿ ನಾನು ಸುಳ್ಳು ಹೇಳುವುದಿಲ್ಲ, ಆ ದನಿಗೆ ನಾನು ಅಷ್ಟು ವರ್ಷ ತಿರುಗಿದವಳು. ಆದರೆ ಹೊಸ್ತಿಲು ದಾಟಿದ ಕೂಡಲೇ ಅಕ್ಕನ ತುಟಿ ಕಂಡಿತು. ನೀಲಿಯ ತೊಟ್ಟಿಯಲ್ಲಿ ಎರಡನೇ ಸಲ ಅದ್ದಿದ ನೂಲಿನ ಬಣ್ಣ ಬಂದಿತ್ತು ಅದಕ್ಕೆ. ಉಗುರಿಗೂ ಬಂದಿತ್ತು. ಅಲುಗಾಡಿಸಿದೆ, ತಲೆ ನಾನು ತಳ್ಳಿದ ಕಡೆಗೆ ಹೋಯಿತು, ತಿರುಗಿ ಬರಲಿಲ್ಲ. ನಾನು ಬೀದಿಗೆ ಓಡಿದೆ. ಶಾಲೆಯಲ್ಲಿ ಕಟ್ಟಿದ್ದ ಗಂಟಲು ಆಗಲೂ ಕಟ್ಟಿತು. ಬಾಯಿ ತೆರೆದು ನಿಂತೆ, ಗಾಳಿ ಬಂತೇ ಹೊರತು ದನಿ ಬರಲಿಲ್ಲ. ಚಂದ್ರಭಾಗವ್ವ ರಾಟೆಯಿಂದ ತಲೆ ಎತ್ತಿ, "ಏನಬೇ ಮೂಕಿ, ದೆವ್ವ ಕಂಡಿಯೇನು?" ಎಂದಳು. ಅವಳ ಆ ಚುಚ್ಚು ದನಿ ಕೇಳಿದ್ದೇ ನನ್ನ ಗಂಟಲು ಬಿಚ್ಚಿತು.

"ಅಕ್ಕ ಉಸರಾಡಾಕತ್ತಿಲ್ಲ! ಡಾಕ್ಟರ್ ಬಾಯಿನ ಕರೀರಿ!"

ಅಷ್ಟು ದೊಡ್ಡ ದನಿ ನನ್ನೊಳಗಿತ್ತು ಎಂದು ನನಗೇ ಗೊತ್ತಿರಲಿಲ್ಲ. ಮಗ್ಗದ ಸದ್ದು ಒಂದೊಂದಾಗಿ ನಿಂತಿತು. ಯಾರೋ ಸೈಕಲ್ ಹತ್ತಿ ದವಾಖಾನೆಗೆ ಹೋದರು. ಚಂದ್ರಭಾಗವ್ವ ರಾಟೆ ಒದ್ದು ಓಡಿ ಬಂದಳು. ಅಕ್ಕನನ್ನು ಮಗ್ಗುಲಿಗೆ ಹೊರಳಿಸಿ ಎದೆಯ ನಡುವಿನ ಎಲುಬನ್ನು ಮುಷ್ಟಿಯಿಂದ ತಿಕ್ಕಿ ತಿಕ್ಕಿ, "ನಿಂಬೀ, ಏ ನಿಂಬೀ, ಉಸರು ತಗೀ. ಇಲ್ಲಂದ್ರ ನಿನ್ನ ಗಂಡಗ ನಾ ಬೈಯೂದು ಯಾರ ಕೇಳತಾರ, ತಗೀ," ಎಂದು ಗದರಿಸುತ್ತ ಅಳುತ್ತಿದ್ದಳು. ಅವಳು ತಿಕ್ಕಿದಾಗ ಒಂದು ಉಸಿರು ಬರುತ್ತಿತ್ತು. ಕೈ ತೆಗೆದರೆ ನಿಲ್ಲುತ್ತಿತ್ತು.

ಡಾಕ್ಟರ್ ಬಾಯಿ ಸ್ಕೂಟರಿನ ಮೇಲೆ ಬಂದರು. ಮೂಗು ಬಾಯಿಗೆ ರಬ್ಬರಿನ ಮುಚ್ಚಳ ಇಟ್ಟು ಚೀಲ ಒತ್ತಿ ಗಾಳಿ ತುಂಬಲು ನನ್ನ ಕೈಗೆ ಕೊಟ್ಟು, ತಾವು ತೊಡೆಗೆ ಸೂಜಿ ಚುಚ್ಚಿದರು. ನಾನು ಚೀಲ ಒತ್ತುತ್ತಲೇ ಬಾಗಿಲ ಕಡೆ ನೋಡಿದೆ. ಮಣೆಯ ಮೇಲಿನವಳು ಎದ್ದು ನಿಂತಿದ್ದಳು. ಮುಖದ ಕೆಂಪು ಇಳಿದಿತ್ತು. ಹೊಸ್ತಿಲು ದಾಟಿ, ಯಾರ ಕಡೆಯೂ ನೋಡದೆ ಸರಸರ ನಡೆದು ಬಂದು ಅಕ್ಕನೊಳಗೆ ಹೋದಳು. ಅಕ್ಕ ಒಂದು ಉದ್ದನೆಯ ಉಸಿರು ಎಳೆದು, ಕಣ್ಣು ಬಿಟ್ಟು, ವಾಂತಿ ಮಾಡಿಕೊಂಡಳು. ಆಮೇಲೆ ಕಿರುಚಿದಳು. ಮೈಯೆಲ್ಲ ಬೆವರು, ನಡುಕ. ಚೀಲ ಹಿಡಿದ ನನ್ನ ಕೈಗೆ ಹೊಡೆದಳು.

"ಯಾಕ ಕರದಿ? ಯಾಕ ಕರದಿ ನನ್ನ? ಅಲ್ಲಿ ಏನೂ ಇರಲಿಲ್ಲ. ಎಷ್ಟ ಛಂದಿತ್ತು."

ಮಾವ ಅಷ್ಟರಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದ. ಆ ಮಾತು ಕೇಳಿ ಅಲ್ಲೇ ಕುಸಿದು ಕೂತ. "ಎದ್ದಳಲ್ಲ, ಇನ್ನ ಏನೂ ಇಲ್ಲಲ್ರಿ ಬಾಯಾರ?" ಎಂದು ಕೇಳಿದ. ಡಾಕ್ಟರ್ ಬಾಯಿ ಸೂಜಿ ಡಬ್ಬಿಗೆ ಹಾಕುತ್ತ, "ಎದ್ದಳಂತ ಬಿಡೂ ಹಂಗಿಲ್ಲ. ಈ ಸೂಜಿ ಶಕ್ತಿ ಲಗೂನ ಇಳಿತೈತಿ, ನೀವು ಕೊಟ್ಟ ಗುಳಿಗಿದು ಇನ್ನೂ ಹೊಟ್ಯಾಗ ಐತಿ. ಮತ್ತ ಉಸರು ನಿಲ್ಲತೈತಿ. ಗಾಡಿ ತರಸ್ರಿ, ದವಾಖಾನಿಗೆ ಹೋಗೂಣು," ಎಂದರು.

ದವಾಖಾನೆಯಲ್ಲಿ ನಾನು ಎಲ್ಲ ಹೇಳಿದೆ. ಮುಖ ನೋಡಿದ್ದನ್ನೂ ಹೇಳಿದೆ. ಡಾಕ್ಟರ್ ಬಾಯಿ ಬೈಯಲಿಲ್ಲ. ಮಾವನನ್ನು ಹತ್ತಿರ ಕರೆದು ಹೇಳಿದರು. "ಗುರುಸಿದ್ಧಪ್ಪ, ಬೆನ್ನಿನ ನೋವು ಬ್ಯಾರೆ, ಗುಳಿಗಿ ಬೇಕಂತ ಬರೂ ನೋವು ಬ್ಯಾರೆ. ಮೈಗೆ ಎರಡೂ ಒಂದ ಥರ ಅನಸ್ತಾವ. ಇದು ಆಕೀ ತಪ್ಪಲ್ಲ, ಹಟಾನೂ ಅಲ್ಲ. ಆದ್ರ ಒಮ್ಮೆಲೇ ಬಿಡಿಸಿದ್ರ ಆಕಿ ತಾಳೂದಿಲ್ಲ. ಸ್ವಲ್ಪ ಸ್ವಲ್ಪ ಇಳಸೋಣು. ಇಳಸೂ ಮುಂದ ಅದು ದಿನಾ ಬಂದು ಕೂಡತೈತಿ. ಕುಂಡ್ರಲಿ. ಹೆದರಿ ಕೊಡಬ್ಯಾಡ್ರಿ. ನಿದ್ದಿ ಗುಳಿಗಿ ಮನ್ಯಾಗ ಇರಕೂಡ್ದು." ಆಮೇಲೆ ನನ್ನ ಕಡೆ ತಿರುಗಿ, "ಗುಳಿಗಿ ಡಬ್ಬಿ ನಿನ್ನ ಕಡೆ ಇರಲಿ," ಎಂದರು. ಎಚ್ಚರಿಸುವ ಆ ಸೂಜಿ ಮದ್ದನ್ನೂ ಒಂದು ಕೊಟ್ಟು, ಹೇಗೆ ಚುಚ್ಚಬೇಕೆಂದು ನನಗೂ ಚಂದ್ರಭಾಗವ್ವನಿಗೂ ಕಲಿಸಿದರು.

ಮಾವ ಮರುದಿನದಿಂದ ಕೆರೆಯ ಏರಿಗೆ ಹೋಗತೊಡಗಿದ. ಅಕ್ಕನ ಹಳೆಯ ನೋವು, ನೀಲಿ ಕಲೆಯದು, ಅಲ್ಲಿದ್ದರೆ ಕರೆತರುತ್ತೇನೆ ಎಂದ. ಅದನ್ನಾದರೂ ಗುರುತಿಸಬಹುದಿತ್ತು, ಅದು ಮನೆಯದಾಗಿತ್ತು ಎಂದ. ಒಂದೊಂದು ಬೆನ್ನಿನ ಹಿಂದೆಯೂ ನಿಂತು ಸೀರೆ ನೋಡಿ ಬರುತ್ತಿದ್ದನಂತೆ. ಕಡೆಗೆ ಒಂದು ದಿನ ಬಂದು ಚಪ್ಪಲಿ ಬಿಡುತ್ತ, "ಇಲ್ಲ ತುಂಗಿ. ಅದು ಎಲುಬು ಕೂಡಿದಾಗ್ಲೇ ಕರಗಿ ಹೋಗಿರಬೇಕು. ನಾವು ಇಷ್ಟ ದಿವಸ ಇಕಿಗೆ ಗುಳಿಗಿ ಹಾಕಿ ಸಾಕೀವಿ," ಎಂದು ಮಣೆಯ ಕಡೆ ಕೈ ತೋರಿಸಿದ. ಅವನು ಕೈ ತೋರಿಸಿದ್ದನ್ನು ಕಂಡು ಚಂದ್ರಭಾಗವ್ವ ನೆಲ ನೋಡಲಿಲ್ಲ. ಅವಳೂ ನೇರ ನೋಡಿದಳು.

ಗುಳಿಗೆ ಇಳಿಸಿದ ಹಾಗೆ ಮಣೆಯ ಮೇಲಿನವಳು ಎದ್ದು ಹೋಗುವುದನ್ನೇ ಬಿಟ್ಟಳು. ಬೆನ್ನು ಮಾಡುವುದನ್ನೂ ಬಿಟ್ಟಳು. ಬಾಗಿಲ ಕಡೆಗೇ ಮುಖ ಮಾಡಿ ಕೂತು ಮಾತಾಡತೊಡಗಿದಳು. ಒಳಗಿನಿಂದ ಅಕ್ಕ, "ತುಂಗಿ, ಒಂದ ಅರ್ಧ ಕೊಡ, ನಿನ್ನ ಕಾಲಿಗೆ ಬೀಳತೀನಿ," ಎಂದರೆ, ಹೊರಗಿನವಳು ಅದೇ ಹೊತ್ತಿಗೆ, ಅದೇ ದನಿಯಲ್ಲಿ, ಅದೇ ಮಾತು ಆಡುತ್ತಿದ್ದಳು. ಅಕ್ಕ ಬೈದರೆ ಅವಳೂ ಬೈಯುತ್ತಿದ್ದಳು. "ಸಾಲಿಗೆ ಹೋಗಾಕ ಧೈರ್ಯ ಇಲ್ಲದಾಕಿ, ನನ್ನ ಮ್ಯಾಲೆ ಕಾರಭಾರ ಮಾಡತಿ. ಅವ್ವ ಸತ್ತಾಗ ನಿನ್ನ ಬೀದ್ಯಾಗ ಬಿಡಬೇಕಿತ್ತು ನಾ." ಎರಡು ಬಾಯಿಂದ ಒಟ್ಟಿಗೆ ಆ ಮಾತು ಕೇಳಿದಾಗ ನಾನು ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ಎರಡರ ನಡುವೆ ಹೊಸ್ತಿಲ ಮೇಲೆ ಕೂರುತ್ತಿದ್ದೆ. ಯಾವ ದನಿ ಯಾರದೆಂದು ನನಗೆ ತಿಳಿಯುತ್ತಿರಲಿಲ್ಲ. ಕೊಡುವ ಹೊತ್ತಿಗೆ ಕೊಡುತ್ತಿದ್ದೆ, ಉಳಿದ ಹೊತ್ತು ಅಕ್ಕನ ಕಾಲು ಒತ್ತುತ್ತಿದ್ದೆ. ಅವಳು ಒಮ್ಮೆ ಒದ್ದಳು, ಒಮ್ಮೆ ಮುದ್ದಿಸಿದಳು. ಮುದ್ದಿಸಿದ ದಿನ ಡಬ್ಬಿ ಹಿಡಿದುಕೊಳ್ಳುವುದು ಹೆಚ್ಚು ಕಷ್ಟವಾಯಿತು.

ಹೀಗೆ ಬೇಸಿಗೆ ಕಳೆಯಿತು. ಒಂದು ಮಧ್ಯಾಹ್ನ ಹೊಸ್ತಿಲ ಮೇಲೆ ಕೂತಿದ್ದಾಗ, "ತುಂಗಿ, ಕೊಡ," ಎಂಬ ದನಿ ಬಂತು. ರೂಢಿಯಂತೆ ಎರಡನೆಯದಕ್ಕೆ ಕಾದೆ. ಬರಲಿಲ್ಲ. "ಕೊಡ ತುಂಗಿ, ತಾಳೂದಾಗೂದಿಲ್ಲ," ಎಂದು ಮತ್ತೆ ಒಂದೇ ದನಿ. ಅಕ್ಕನ ಉಸಿರು ನಿಂತಿತೇ ಎಂದು ತಿರುಗಿ ನೋಡಿದೆ. ಅಕ್ಕ ಗೋಡೆಗೆ ಒರಗಿ ಎದ್ದು ಕೂತಿದ್ದಳು. ಮೈ ನಡುಗುತ್ತಿತ್ತು, ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು. ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು, ನನ್ನ ಹೆಗಲ ಮೇಲಿಂದ ಹೊರಗಿನ ಮಣೆಯನ್ನು ನೋಡುತ್ತಿದ್ದಳು. ಇಷ್ಟು ದಿನದಲ್ಲಿ ಅವಳು ಆ ಮುಖ ನೋಡಿದ್ದು ಅದೇ ಮೊದಲು.

"ಅಕಿ ಕೇಳಾಕತ್ತಾಳ," ಎಂದಳು ಅಕ್ಕ ಬಹಳ ಸಣ್ಣ ದನಿಯಲ್ಲಿ. "ನಾ ಅಲ್ಲ."

ಹೊರಗಿನವಳು ಮತ್ತೆ ಕೇಳಿದಳು, ಅಳುತ್ತ ಕೇಳಿದಳು. ಅಕ್ಕ ನನ್ನ ಕೈ ಹಿಡಿದುಕೊಂಡಳು. ಹಿಡಿತ ಎಷ್ಟು ಬಿಗಿಯಿತ್ತೆಂದರೆ ಬಳೆ ಒತ್ತಿ ಮಣಿಕಟ್ಟು ನೋಯತೊಡಗಿತು. ನಾನು ಬಿಡಿಸಿಕೊಳ್ಳಲಿಲ್ಲ.